ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದೆಂದು
ಲೋಕ ಹೇಳುತ್ತದೆ. ನನಗೆ ಸಂಬಳ ಬರುವುದೇ
ಆ ಹೊಲಿಗೆಗೆ.
ಹತ್ತು ಹೊಲಿದರೆ ಒಂಬತ್ತು ಪೆಟ್ಟಿಗೆಯ ತಳಕ್ಕೆ.
ಹತ್ತನೆಯದನ್ನು ತೊಟ್ಟ ತಲೆ ಬೆಳೆದು ಬೆಳೆದು
ಒಂಬತ್ತರ ನೂಲಿನ ಸಾಲವನ್ನೂ ತೀರಿಸಬೇಕು.
ನಿಧಿಗೆ ಹಣ ಕೊಟ್ಟವರ ಮುಂದೆ
ವರ್ಷಕ್ಕೆರಡು ಸಲ, ಬಣ್ಣದ ಗೆರೆಗಳಲ್ಲಿ,
ನಗುತ್ತ ಇದನ್ನೇ ಹೇಳುತ್ತೇನೆ.

ಫೆಬ್ರವರಿ. ಟಾರ್ಟು. ನದಿಯ ಮೇಲೆ ಜನ ನಡೆಯುತ್ತಿದ್ದಾರೆ.
ವಿಶ್ವವಿದ್ಯಾಲಯದ ನೆಲಮಾಳಿಗೆ, ಒದ್ದೆ ಬೂಟುಗಳ ಸಾಲು,
ರೇಡಿಯೇಟರಿನ ಮೇಲೆ ಒಣಗಲು ಬಿದ್ದ ಒಂಟಿ ಕೈಗವಸು,
ತಂತಿಗಳ ನಡುವೆ ಅರ್ಧ ತಿಂದ ಕಪ್ಪು ರೊಟ್ಟಿ.
ಐಲಿಗೆ ಇಪ್ಪತ್ತೆರಡು. ಊಕುಗೆ ಇಪ್ಪತ್ತನಾಲ್ಕು,
ಒಂದು ವಿಷಯ ಇನ್ನೂ ಪಾಸಾಗಿಲ್ಲ.
ಅವರ ಯಂತ್ರ ಬೆಂಕಿಪೊಟ್ಟಣದಷ್ಟು.
ಜೇನುಪೆಟ್ಟಿಗೆಯೊಳಗೆ ಚಳಿಗಾಲವಿಡೀ ಕಿವಿಗೊಟ್ಟು ಕೂರುತ್ತದೆ.
ಹಿಮದಡಿ ಮುದ್ದೆಗಟ್ಟಿ ಕೂತ ಹುಳುಗಳು
ಬದುಕಿವೆಯೇ, ಹಸಿದಿವೆಯೇ, ರಾಣಿ ಸತ್ತಳೇ,
ಮುಚ್ಚಳ ತೆರೆಯದೆ ಹೇಳುತ್ತದೆ.
ತೆರೆದರೆ ಸಾಯುತ್ತವಲ್ಲ, ಎಂದಳು ಐಲಿ,
ನಮ್ಮ ವ್ಯಾಪಾರವೆಲ್ಲ ಅಷ್ಟೇ.

ಕೇಳಬೇಕಾದ್ದನ್ನೆಲ್ಲ ಕೇಳಿದೆ.
ಐದನೇ ವರ್ಷಕ್ಕೆ ಊಕು ಹೇಳಿದ ಅಂಕಿ
ಮುಗಿಲಿಗೆ ಹಾಕಿದ ಏಣಿ.
ಮೇಜಿನಡಿಯಲ್ಲಿ ಐಲಿ ಅವನ ಕಾಲು ತುಳಿದಳು.
ನನಗೆ ಹಿಡಿಸಿದ್ದು ಅದೇ.
ಮೂರು ಲಕ್ಷ ಯೂರೋ, ನೂರಕ್ಕೆ ಹದಿನೈದು ಪಾಲು.
ಬಾಯಿ ತೆರೆಯುವ ಮೊದಲೇ
ಒಳಗೆಲ್ಲೋ ಸಹಿ ಬಿದ್ದಾಗಿತ್ತು.

ಸುಮ್ಮನೆ, ಕೈಗೊಂದು ಕೆಲಸವಿರಲೆಂದು,
ಮೊದಲ ಮಾದರಿಯನ್ನು ತಿರುವಿದೆ.
ಹಸಿರು ಹಲಗೆಯ ಬೆನ್ನಲ್ಲಿ, ಬೆಸುಗೆಯ ಹನಿಗಳ ನಡುವೆ
ಅಕ್ಕಿಕಾಳಿನಷ್ಟು ಚಿಕ್ಕ ಮೂರು ಅಕ್ಷರ.
ಪಾಲಿನ ಹಾಳೆಯಲ್ಲಿ ಎರಡೇ ಹೆಸರು.

ಮೂರನೆಯದು ಯಾರು?

ರೇಡಿಯೇಟರು ಒಮ್ಮೆ ಕೆಮ್ಮಿತು.
ಊಕು ಕಿಟಕಿಯ ಕಡೆ ನೋಡಿದ. ನೆಲಮಾಳಿಗೆಯ ಕಿಟಕಿ,
ಕಾಣುವುದು ಹೋಗುವವರ ಕಾಲು ಮಾತ್ರ.
ಸ್ಯಾದೆ, ಎಂದಳು ಐಲಿ.
ವಿದ್ಯಾರ್ಥಿವೇತನ ನಿಂತಿತು, ನಾಲ್ಕನೇ ತಿಂಗಳಿಗೆ ಹೋದಳು,
ಈಗ ಮರದ ಮಿಲ್ಲಿನಲ್ಲಿ ಹಲಗೆ ಅಳೆಯುತ್ತಾಳೆ.
ಈ ಹಲಗೆಯ ಮೇಲಿನ ದಾರಿಗಳನ್ನೆಲ್ಲ ಎಳೆದವಳು ಅವಳೇ.
ಆದರೆ ವರ್ಷ ತುಂಬಲಿಲ್ಲ. ಒಪ್ಪಂದದಲ್ಲಿ ಹಾಗೇ ಇದೆ.

ಇದೆ. ನನಗೆ ಗೊತ್ತು. ಆ ಷರತ್ತಿನ ಕರಡನ್ನು
ಈ ಊರಿನ ಹುಡುಗರಿಗೆಲ್ಲ ಪುಕ್ಕಟೆ ಹಂಚಿದವಳು ನಾನೇ.
ವರ್ಷ ತುಂಬುವ ಮುನ್ನ ಪಂಕ್ತಿಯಿಂದ ಎದ್ದವರ
ಎಲೆಗೆ ಪಾಯಸವಿಲ್ಲ.
ಒಳ್ಳೆಯ ಷರತ್ತು. ಈಗಲೂ ಹಾಗೇ ಅನ್ನುತ್ತೇನೆ.
ನಮ್ಮ ವಕೀಲನಂತೂ ಫೋನಿನಲ್ಲಿ ಖುಷಿಯಾಗಿದ್ದ:
ಎರಡೇ ಹೆಸರು, ಹಾಳೆ ಸ್ವಚ್ಛ, ಕೆದಕಬೇಡ ಮೇರಿಕೆ.

ಕೆದಕಿದೆ.

ಆ ತುದಿಯಲ್ಲಿ ಗರಗಸದ ಕೂಗು.
ನನ್ನ ಹೆಸರು, ನಿಧಿಯ ಹೆಸರು, ಕಂಪನಿ, ಪಾಲು...
ಕೇಳಿಸ್ತಿಲ್ಲ, ತಡೀರಿ, ಹೊರಗೆ ಬರ್ತೇನೆ.
ಬಾಗಿಲು. ಗಾಳಿ. ಬೂಟಿನಡಿ ಹಿಮ.
ಆಮೇಲೆ, ನನ್ನನ್ನಲ್ಲ, ಐಲಿಯನ್ನು:
ನಿನ್ನ ಚಿಕ್ಕಪ್ಪನ ಮೂರನೇ ಪೆಟ್ಟಿಗೆ ಇನ್ನೂ ಇದೆಯಾ?
ನಾನು ಹೊರಟಾಗ ಅದರ ದನಿ ಇಳಿದಿತ್ತು.
ಇದೆ, ಎಂದಳು ಐಲಿ.
ಸರಿ. ಈಗ ಹೇಳಿ, ನನಗೆಷ್ಟು?

ನಲವತ್ತು ನಿಮಿಷ ಜಗಳ.
ನಾನು ಎದ್ದು ಹೊರಗೆ ಮೆಟ್ಟಿಲ ಮೇಲೆ ಕೂತೆ.
ಅವರ ಹೆಡ್‌ಫೋನು ನನ್ನ ಕಿವಿಯಲ್ಲೇ ಉಳಿದಿತ್ತು.
ಎಲ್ಲೋ ಒಂದು ತೋಟದಲ್ಲಿ, ಮೊಣಕಾಲಷ್ಟು ಹಿಮದಡಿ
ಮೂರನೇ ಪೆಟ್ಟಿಗೆ ಗುಂಯ್ಗುಡುತ್ತಿತ್ತು,
ಪಕ್ಕದ ಮನೆಯಲ್ಲಿ ಯಾರೋ
ಬಾಯಿ ಮುಚ್ಚಿ ಹಾಡಿಕೊಂಡ ಹಾಗೆ.
ಗೋಡೆಯಾಚೆ ಊಕು ಮೇಜು ಗುದ್ದುತ್ತಿದ್ದ.

ಹಾಳೆಯಲ್ಲಿ ಮೂರನೆಯ ಗೆರೆ ಎಳೆದೆ.
ಹೆಸರು, ಅಂಕಿ, ಎರಡೂ ಅವರೇ ಬರೆಯಲಿ.
ಸೋಮವಾರ ಸಹಿ, ಅಂದರು.
ಸೋಮವಾರ ಊಕುಗೆ ಪರೀಕ್ಷೆಯಂತೆ. ಹಾಗಾದರೆ ಮಂಗಳವಾರ.
ಇಳಿಜಾರಿನಲ್ಲಿ ಜಾರುತ್ತ ನಿಲ್ದಾಣಕ್ಕೆ ಬಂದೆ.
ಹೊಲಿದ ಕುಲಾವಿಯ ದಾರ ಬಿಚ್ಚಬೇಕು.
ಅಳತೆ ಅವಸರದಲ್ಲಿ ತೆಗೆದಿದ್ದೆ.